ದಾರಂದಕ್ಕೆ ಒರಗಿಸಿ ಎಳೆದ ಗೆರೆ

(ಅಮೆರಿಕದ ಕೊಲರಾಡೊದಲ್ಲಿ ಒಂದು ಮನೆಯ ಗ್ಯಾರೇಜು. ಅಪ್ಪ ಹೊಸನಗರ ತಾಲ್ಲೂಕಿನಿಂದ ಮಗಳ ಮನೆಗೆ ಬಂದಿದ್ದಾರೆ. ನಲವತ್ತು ವರ್ಷ ಮರಗೆಲಸ ಮಾಡಿದವರು. ಮಗಳಿಗೆ ರಜೆ ಸಿಕ್ಕಾಗಲೆಲ್ಲ ಮಾದರಿ ರಾಕೆಟ್ಟಿನ ಕೆಲಸ.)

ಅಪ್ಪ: ಈ ಪೆಟ್ಟಿಗೆ ಯಾವಾಗ ತೆಗೀತೀಯ ಮಗಾ? ನಾನು ಬಂದು ಮೂರು ವಾರ ಆಯ್ತು. ಧೂಳು ಒರೆಸ್ತೀಯ, ಮತ್ತೆ ಅಲ್ಲೇ ಇಡ್ತೀಯ.

ಮಗಳು: ಮನಸ್ಸು ಬರ್ತಾ ಇಲ್ಲ ಅಪ್ಪಯ್ಯ. ಪಕ್ಕದ ಬೀದಿಯ ಹಿರಿಯರೊಬ್ಬರು ತೀರಿಕೊಂಡ ಮೇಲೆ ಅವರ ಮನೆಯವರು ಹಳೇ ಸಾಮಾನೆಲ್ಲ ಅಂಗಳಕ್ಕೆ ತಂದು ಮಾರಾಟಕ್ಕೆ ಇಟ್ಟಿದ್ದರು. ಎರಡು ವರ್ಷದ ಹಿಂದೆ ಅಲ್ಲಿ ಸಿಕ್ಕಿದ್ದು. 1990ರ ದಶಕದ ಕಿಟ್. ಮಾಡಿದ ಕಂಪನಿ ಇದನ್ನು ನಿಲ್ಲಿಸಿ ಎಷ್ಟೋ ಕಾಲ ಆಯ್ತು. ಕಟ್ಟುವಾಗ ಒಂದು ರೆಕ್ಕೆ ಹಾಳಾದರೆ ಇನ್ನೊಂದು ತರೋಣ ಅಂದ್ರೆ ಎಲ್ಲೂ ಇಲ್ಲ.

ಅಪ್ಪ: ಒಳಗೆ ಏನಿದೆ ಅಂತಾದರೂ ನೋಡಿದ್ದೀಯಾ?

ಮಗಳು: ಒಂದೇ ಸಲ. ಉದ್ದದ ರಟ್ಟಿನ ಕೊಳವೆ, ಪ್ಲಾಸ್ಟಿಕ್ಕಿನ ಮೂತಿ, ನಾಲ್ಕು ಪ್ಲೈವುಡ್ ರೆಕ್ಕೆ, ಮೋಟಾರು ಕೂರುವ ಸಣ್ಣ ಕೊಳವೆ, ಅದನ್ನು ದೊಡ್ಡ ಕೊಳವೆಯ ನಡುಮಧ್ಯ ಹಿಡಿದು ನಿಲ್ಲಿಸೋ ಎರಡು ಉಂಗುರ. ಆಮೇಲೆ ಒಂದು ವಿಚಿತ್ರ ಕಂಡೆ. ಕೊಳವೆಯ ಮೇಲೆ ಪೆನ್ಸಿಲ್ಲಿನಲ್ಲಿ ಎರಡು ಗೆರೆ ಎಳೆದಿದ್ದಾರೆ. ರೆಕ್ಕೆಗೆ ನಾಲ್ಕು ಗೆರೆ ಬೇಕು. ಎರಡಕ್ಕೇ ನಿಲ್ಲಿಸಿ ಪೆಟ್ಟಿಗೆ ಮುಚ್ಚಿದ್ದಾರೆ.

ಅಪ್ಪ: ಹಾಗಾದ್ರೆ ಆ ಮನುಷ್ಯ ಕಟ್ಟಬೇಕು ಅಂತಲೇ ತಂದದ್ದು. ಇಟ್ಟು ನೋಡುವವರು ಪೆನ್ಸಿಲ್ ಮುಟ್ಟಿಸೋದಿಲ್ಲ. ಕೆಳಗಿಳಿಸು ಅದನ್ನ.

ಮಗಳು: ಕಟ್ಟಿದ ಮೇಲೆ ಮುರಿದರೆ?

ಅಪ್ಪ: ನಮ್ಮ ಅಂಗಡಿಯ ಗೋಡೆ ನೆನಪಿದೆಯಾ ನಿನಗೆ? ಮೊಳೆಗೆ ರಟ್ಟಿನ ಅಚ್ಚುಗಳನ್ನ ನೇತುಹಾಕಿದ್ದು? ಆರಾಮಕುರ್ಚಿಯ ಕೈ, ಮಂಚದ ತಲೆಕಡೆ, ದೇವರ ಮಂಟಪದ ಕಮಾನು. ನಂಗೆ ಕೆಲಸ ಕಲಿಸಿದ ಆಚಾರ್ರು ಒಂದು ತೊಟ್ಟಿಲು ಮಾಡ್ತಿದ್ರು. ಸುತ್ತ ಹತ್ತೂರಲ್ಲಿ ಅಂಥದ್ದು ಇರಲಿಲ್ಲ. ಅಚ್ಚು ಯಾಕೆ ಮಾಡಿಡೋದಿಲ್ಲ ಅಂತ ಕೇಳಿದ್ರೆ ಎಲ್ಲ ಕೈಯಲ್ಲಿದೆ ಅಂತಿದ್ರು. ಅವರು ಹೋದ ಮೇಲೆ ನಾನು ಮೂರು ಸಲ ಪ್ರಯತ್ನ ಮಾಡಿದೆ. ಕಾಲಿನ ಬಾಗು ಬರಲೇ ಇಲ್ಲ. ಅವತ್ತಿಂದ ನಾನು ಯಾವ ಹೊಸ ಸಾಮಾನಿಗೆ ಕೈಹಾಕಿದರೂ ಮೊದಲು ಅಚ್ಚು, ಆಮೇಲೆ ಉಳಿ. ನೀನೂ ಹಾಗೇ ಮಾಡು. ಒಂದೊಂದು ಭಾಗವನ್ನೂ ಕಾಗದದ ಮೇಲೆ ಇಳಿಸಿಕೋ. ಅಂಟು ಆಮೇಲೆ ಮುಟ್ಟುವ.

ಮಗಳು: ಈ ಹವ್ಯಾಸದಲ್ಲಿ ಹಳಬರು ಮಾಡೋದೂ ಅದನ್ನೇ ಅಪ್ಪಯ್ಯ. ನಿಂತುಹೋದ ಕಿಟ್ ಕೈಗೆ ಬಂದರೆ ಅಳತೆ ತೆಗೆದಿಟ್ಟುಕೊಳ್ತಾರೆ. ಆಮೇಲೆ ಅದರ ಪಡಿಯಚ್ಚು ಕಟ್ಟುತ್ತಾರೆ, ಕ್ಲೋನ್ ಅಂತ ಕರೀತಾರೆ. ಹೊರಗಿನ ಕೊಳವೆ 66 ಮಿಲಿಮೀಟರ್, ಮೋಟಾರಿನದ್ದು 29. ಎರಡೂ ಇವತ್ತಿಗೂ ಸಿಗುವ ಅಳತೆಗಳೇ. ಈ ಕಿಟ್ಟಿಗೇ ಅಂತ ಇರೋದು ರೆಕ್ಕೆಯ ಆಕಾರ, ಮೂತಿಯ ಆಕಾರ ಎರಡೇ.

ಅಪ್ಪ: ನೋಡು ಮತ್ತೆ. ಎರಡು ವರ್ಷ ನೀನು ಕಾದದ್ದು ಎರಡು ಆಕಾರಕ್ಕೆ.

(ಅಂದು ಸಂಜೆಯೇ ಪೆಟ್ಟಿಗೆ ಮೇಜಿಗೆ ಇಳಿಯಿತು. ರೆಕ್ಕೆಗಳನ್ನು ದಪ್ಪ ಕಾಗದದ ಮೇಲಿಟ್ಟು ಚೂಪು ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆದರು. ಮೂತಿಯನ್ನು ಬೆರಳಗಲಕ್ಕೊಂದು ಕಡೆ ಕ್ಯಾಲಿಪರ್ ಹಿಡಿದು ಅಳೆದು ಬರೆದರು. ನಾಲ್ಕು ರೆಕ್ಕೆಗಳನ್ನು ಒಂದರ ಮೇಲೊಂದು ಇಟ್ಟಾಗ ಒಂದು ಉಳಿದವಕ್ಕಿಂತ ಅರ್ಧ ಮಿಲಿಮೀಟರ್ ದೊಡ್ಡದಿತ್ತು. ನಾಲ್ಕನ್ನೂ ಒಟ್ಟಿಗೆ ಹಿಡಿದು ಉಪ್ಪುಕಾಗದದಲ್ಲಿ ತಿಕ್ಕಿ ಸಮ ಮಾಡಿದ್ದು ಅಪ್ಪ.)

ಅಪ್ಪ: ಪ್ಲೈವುಡ್ ಒಳ್ಳೇದಿದೆ. ಅಂಚು ನೋಡು, ಪದರ ಎಲ್ಲೂ ಬಿಟ್ಟಿಲ್ಲ. ಮೂರು ಮಿಲಿಮೀಟರ್ ದಪ್ಪ ಸಾಕಾಗ್ತದಾ? ನೀನು ಇದಕ್ಕಿಂತ ಮೊದಲು ಮಾಡಿದ್ದಕ್ಕೆ ಬೂರುಗಕ್ಕಿಂತ ಹಗುರದ ಮರ ಇತ್ತಲ್ಲ.

ಮಗಳು: ಅದು ಬಾಲ್ಸಾ. ಸಣ್ಣ ರಾಕೆಟ್ಟಿಗೆ ಅದೇ ಸರಿ. ಇದು ಮಧ್ಯಮ ಶಕ್ತಿಯದ್ದು. ಮೋಟಾರುಗಳಿಗೆ ಎ, ಬಿ, ಸಿ ಅಂತ ಅಕ್ಷರ ಇಟ್ಟಿದ್ದಾರೆ. ಒಂದೊಂದು ಅಕ್ಷರ ಮೇಲೆ ಹೋದ ಹಾಗೆ ಒಟ್ಟು ನೂಕುಬಲದ ಮಿತಿ ಎರಡು ಪಟ್ಟಾಗ್ತದೆ. ಎ ಅಂದ್ರೆ ಹೆಚ್ಚೆಂದರೆ 2.5 ನ್ಯೂಟನ್-ಸೆಕೆಂಡ್. ಡಿ ಹೊತ್ತಿಗೆ 20. ಮಕ್ಕಳು ಶಾಲೆಯ ಬಯಲಲ್ಲಿ ಹಾರಿಸೋದು ಹೆಚ್ಚಾಗಿ ಅಲ್ಲೀವರೆಗೆ. ಇ, ಎಫ್, ಜಿ ಮೂರೂ ಮಧ್ಯಮ ಶಕ್ತಿ, 20ರಿಂದ 160ರ ತನಕ. ಅದನ್ನೂ ದಾಟಿದರೆ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ತಗೋಬೇಕು. ಎಫ್ ಮೋಟಾರಿನ ವೇಗಕ್ಕೆ ತೆಳು ಬಾಲ್ಸಾ ಗಾಳಿಯಲ್ಲಿ ಬಾವುಟದ ಹಾಗೆ ಪಟಪಟ ನಡುಗಿ ಕಿತ್ತುಹೋಗಬಹುದು.

ಅಪ್ಪ: ಇದನ್ನೆಲ್ಲ ಶುರು ಮಾಡಿದ್ದು ಯಾರು? ನಾಸಾದವರಾ?

ಮಗಳು: ಅಲ್ಲ, ಚಪ್ಪಲಿ ಅಂಗಡಿಯವರು. ನಿಜವಾಗಿ. ನೆಬ್ರಾಸ್ಕಾದ ನಾರ್ಫೋಕ್ ಅನ್ನೋ ಊರಲ್ಲಿ ಓರ್ವಿಲ್ ಕಾರ್ಲೈಲ್ ಅಂತ ಒಬ್ಬರಿಗೆ ಪಾದರಕ್ಷೆ ಅಂಗಡಿ ಇತ್ತು. ಪಟಾಕಿ ಕೆಲಸ ಗೊತ್ತಿದ್ದವರು. ಅವರ ಸಹೋದರನಿಗೆ ವಿಮಾನದ ಮಾದರಿಗಳ ಹುಚ್ಚು. ಇಬ್ಬರೂ ಸೇರಿ 1954ರಲ್ಲಿ ಕಾಗದದ ಕೊಳವೆಯ ಒಂದು ರಾಕೆಟ್ ಮಾಡಿದ್ರು. ಮೋಟಾರು ಬದಲಾಯಿಸಬಹುದು, ಪ್ಯಾರಾಚೂಟ್ ಬಿಚ್ಚಿ ಕೆಳಗೆ ಬರ್ತದೆ, ಮತ್ತೆ ಹಾರಿಸಬಹುದು. ಆ ಕಾಲದಲ್ಲಿ ಹುಡುಗರು ಕಬ್ಬಿಣದ ಪೈಪಿಗೆ ಮದ್ದು ತುಂಬಿ ಕೈಕಾಲು ಕಳಕೊಳ್ತಾ ಇದ್ರು. ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ರಾಕೆಟ್ ನೆಲೆಯಲ್ಲಿ ಕೆಲಸ ಮಾಡ್ತಿದ್ದ ಹ್ಯಾರಿ ಸ್ಟೈನ್ ಅದರ ಬಗ್ಗೆ ಎಚ್ಚರಿಕೆಯ ಲೇಖನ ಬರೆದದ್ದು 1957ರಲ್ಲಿ. ಅದನ್ನು ಓದಿ ಕಾರ್ಲೈಲ್ ತಮ್ಮ ರಾಕೆಟ್ಟನ್ನ ಅವರಿಗೆ ಕಳಿಸಿದ್ರು. ಅಲ್ಲಿಂದ ಇದು ಹವ್ಯಾಸ ಆಯ್ತು.

ಅಪ್ಪ: ಮೋಟಾರು ಕೈಯಲ್ಲೇ ಮಾಡ್ತಿದ್ರಾ?

ಮಗಳು: ಬೇಡಿಕೆ ಬಂದಾಗ ಕೈ ಸಾಲಲಿಲ್ಲ. ಇಲ್ಲೇ ಡೆನ್ವರಿನಲ್ಲಿ ವರ್ನ್ ಎಸ್ಟೆಸ್ ಅಂತ ಒಬ್ಬರು ಅದಕ್ಕೊಂದು ಯಂತ್ರ ಕಟ್ಟಿದ್ರು. ಅದಕ್ಕೆ ಮೇಬಲ್ ಅಂತ ಹೆಸರಿಟ್ಟರು. 5.5 ಸೆಕೆಂಡಿಗೆ ಒಂದು ಮೋಟಾರು ಅದು ಒತ್ತಿ ಕೊಡ್ತಿತ್ತು. 1961ರಲ್ಲಿ ಅವರ ಕಂಪನಿ ಪೆನ್ರೋಸಿಗೆ ಹೋಯ್ತು, ಇದೇ ಕೊಲರಾಡೊದ ಸಣ್ಣ ಊರು.

ಅಪ್ಪ: ಕೊಳವೆಗೆ ಮದ್ದು ಒತ್ತೋದು ನಮ್ಮ ಕಡೆಯ ಕೆಲಸವೂ ಹೌದು. 2018ರಲ್ಲಿ ನಮ್ಮ ತಾಲ್ಲೂಕಿನ ನಗರ ಅನ್ನೋ ಊರಿನ ಹತ್ತಿರ ಹಾಳುಬಾವಿ ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವಲ್ಲ, ಹೈದರ್, ಟಿಪ್ಪು ಕಾಲದ್ದು. ಶಿವಮೊಗ್ಗದ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದನ್ನ ನೋಡಿ ಬಂದೆ. ಗೇಣುದ್ದದ ಕಬ್ಬಿಣದ ಕೊಳವೆ.

ಮಗಳು: ಆ ಕಬ್ಬಿಣವೇ ಅದರ ಗುಟ್ಟು. ಯುರೋಪಿನವರದ್ದು ಕಾಗದದ ಕೊಳವೆ, ಒಳಗೆ ಒತ್ತಡ ಏರಿದರೆ ಹರಿದುಹೋಗ್ತಿತ್ತು. ಮೈಸೂರಿನವರದ್ದು ಹೆಚ್ಚು ಒತ್ತಡ ತಡೆದು ದೂರ ಹೋಗ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಅವನ್ನ ಹೊತ್ತೊಯ್ದರು. ಅವನ್ನ ನೋಡಿಯೇ ಅವರಲ್ಲಿ ಕಾಂಗ್ರೀವ್ ಅಂತ ಒಬ್ಬ ತನ್ನ ರಾಕೆಟ್ ಮಾಡಿದ್ದು. ಆದರೆ ಅಪ್ಪಯ್ಯ, ಮೈಸೂರಿನವಕ್ಕೆ ರೆಕ್ಕೆ ಇರಲಿಲ್ಲ. ಉದ್ದದ ಬಿದಿರಿಗೆ ಕಟ್ಟುತ್ತಿದ್ದರು. ಬಿದಿರಿನ ಬಾಲ ಏನು ಮಾಡ್ತಿತ್ತೋ ಅದನ್ನೇ ಈ ನಾಲ್ಕು ರೆಕ್ಕೆ ಮಾಡಬೇಕು. ಮೂತಿ ಮುಂದಾಗಿಯೇ ಹೋಗುವ ಹಾಗೆ ನೋಡಿಕೊಳ್ಳಬೇಕು.

ಅಪ್ಪ: ಹಾಗಾದ್ರೆ ರೆಕ್ಕೆ ನೆಟ್ಟಗೆ ನಿಲ್ಲಬೇಕು. ಆ ಪೆನ್ಸಿಲ್ ಗೆರೆ ತೋರಿಸು.

(ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು.)

ಅಪ್ಪ: ಇದೊಂದು ಸರಿ ಇದೆ. ಇನ್ನೊಂದು ಕೆಳಗೆ ಬರ್ತಾ ಬಲಕ್ಕೆ ವಾಲಿದೆ. ದುಂಡಗಿನ ಸಾಮಾನಿನ ಮೇಲೆ ಬರೀ ಸ್ಕೇಲ್ ಇಟ್ಟು ಎಳೆದರೆ ಹಾಗೇ ಆಗ್ತದೆ, ಸ್ಕೇಲ್ ಜಾರ್ತದೆ. ಬಹುಶಃ ಅದು ಗೊತ್ತಾಗಿಯೇ ಆ ಮನುಷ್ಯ ನಿಲ್ಲಿಸಿದ್ದು. ಕೊಳವೆಯನ್ನ ಈ ಬಾಗಿಲ ದಾರಂದದ ಮೂಲೆಗೆ ಒರಗಿಸು. ಒತ್ತಿ ಹಿಡಿ. ದಾರಂದದ ಅಂಚು ನೆಟ್ಟಗಿದೆ, ಆ ಅಂಚಿಗೇ ಪೆನ್ಸಿಲ್ ತಾಗಿಸಿ ಮೇಲಿಂದ ಕೆಳಗೆ ಎಳಿ. ಈಗ ಕೊಳವೆ ತಿರುಗಿಸಿ ಮುಂದಿನ ಗುರುತಿಗೆ ಬಾ.

ಮಗಳು: ಇದಕ್ಕೆ ಅಂತ ಎಲ್-ಪಟ್ಟಿ ತಂದಿದ್ದೆ ನಾನು.

ಅಪ್ಪ: ಅದೂ ಆಗ್ತದೆ. ದಾರಂದ ಮನೆಯಲ್ಲೇ ಇದೆ.

ಮಗಳು: ಈಗ ನಂಗೆ ಭಯದ ಕೆಲಸ ಅಪ್ಪಯ್ಯ. ಮೋಟಾರು ಕೊಳವೆಯನ್ನ ಒಳಗೆ ಕೂರಿಸೋದು. ಮೊದಲ ದೊಡ್ಡ ರಾಕೆಟ್ಟಿನಲ್ಲಿ ನಾನು ಮರದ ಅಂಟು, ಅಂದ್ರೆ ನಮ್ಮ ಫೆವಿಕಾಲಿನ ಥರದ್ದೇ ಹಳದಿ ಅಂಟು, ಕೊಳವೆಯ ಒಳಗೆ ಬಳಿದು ಉಂಗುರವನ್ನ ತಳ್ಳಿದೆ. ಅರ್ಧ ದಾರಿಯಲ್ಲಿ ಹಿಡಕೊಂಡಿತು. ಮುಂದೂ ಹೋಗ್ಲಿಲ್ಲ, ಹಿಂದೂ ಬರ್ಲಿಲ್ಲ. ಕೊಳವೆ ಕತ್ತರಿಸಿ ತೆಗೀಬೇಕಾಯ್ತು. ಇದರಲ್ಲಿ ಹಾಗಾದರೆ ಕಿಟ್ಟೇ ಮುಗೀತು.

ಅಪ್ಪ: ಬಿಗಿಯಾದ ಸಂದಿಗೆ ಆ ಅಂಟು ಹಾಕಿದರೆ ರಟ್ಟು ಅದರ ನೀರು ಹೀರ್ತದೆ, ಉಬ್ಬುತ್ತದೆ, ಹಿಡೀತದೆ. ಮರಕ್ಕೂ ಹಾಗೇ. ಉಂಗುರ ಅಂಟಿಲ್ಲದೆ ಸಲೀಸಾಗಿ ಜಾರುವಷ್ಟು ಮೊದಲು ತಿಕ್ಕು. ಆಮೇಲೆ ನಿಧಾನಕ್ಕೆ ಗಟ್ಟಿಯಾಗುವ ಅಂಟು ಹಾಕು. ಅರಾಲ್ಡೈಟ್ ಥರದ ಎಪಾಕ್ಸಿ ಇದ್ಯಲ್ಲ, ಎರಡು ಟ್ಯೂಬು ಕಲಸೋದು, ಅರ್ಧ ಗಂಟೆ ಕೈಗೆ ಸಿಗ್ತದೆ.

ಮಗಳು: ನೀವು ಎಪಾಕ್ಸಿ ಬೇಡ, ಮರದ ಅಂಟೇ ಬೇಕು ಅಂತಿದ್ರಿ ನಿನ್ನೆ.

ಅಪ್ಪ: ಅದು ರೆಕ್ಕೆಗೆ ಹೇಳಿದ್ದು. ರೆಕ್ಕೆ ಪ್ಲೈವುಡ್ಡು, ಮೋಟಾರಿನ ಕೊಳವೆ ಕಾಗದ. ಎರಡೂ ನಾರಿನ ಸಾಮಾನೇ. ಮರದ ಅಂಟು ನಾರಿನ ಒಳಗೆ ಇಳಿದು ಹಿಡೀತದೆ. ಸರಿಯಾಗಿ ಅಂಟಿದ್ದನ್ನ ಎಳೆದು ಬಿಡಿಸಲು ಹೋದರೆ ಮರ ಸೀಳ್ತದೆ, ಅಂಟು ಬಿಡೋದಿಲ್ಲ. ಎಪಾಕ್ಸಿ ಸಂದಿ ತುಂಬುತ್ತದೆ, ಅದು ಅದರ ಗುಣ. ಮೇಲ್ಮೈ ನುಣುಪಾಗಿದ್ದರೆ ಮಾತ್ರ ಸಿಪ್ಪೆಯ ಹಾಗೆ ಎದ್ದು ಬರ್ತದೆ. ಹೊರಗಿನ ಕೊಳವೆಗೆ ಹೊಳಪಿನ ಕಾಗದ ಸುತ್ತಿದ್ದಾರೆ ನೋಡು. ರೆಕ್ಕೆ ಕೂರುವ ಕಡೆ ಅದನ್ನು ಕೆರೆದು ತೆಗಿ, ನಾರು ಕಾಣಬೇಕು.

ಮಗಳು: ಈ ರಾಕೆಟ್ಟಿನ ಗಟ್ಟಿತನ ಇರೋದೂ ಅಲ್ಲೇ. ರೆಕ್ಕೆಗಳಿಗೆ ಬುಡದಲ್ಲಿ ಹೀಗೆ ನಾಲಿಗೆ ಬಿಟ್ಟಿದ್ದಾರೆ. ಹೊರಗಿನ ಕೊಳವೆಯ ಸೀಳಿನಲ್ಲಿ ತೂರಿ, ಒಳಗಿನ ಮೋಟಾರು ಕೊಳವೆಗೆ ಹೋಗಿ ತಾಗ್ತದೆ. ಸಣ್ಣ ರಾಕೆಟ್ಟಿನಲ್ಲಿ ರೆಕ್ಕೆ ಬರೀ ಹೊರಮೈಗೆ ಅಂಟಿರ್ತದೆ. ನೆಲಕ್ಕೆ ಬಿದ್ದ ಪೆಟ್ಟಿಗೆ ಸಂದು ಹಿಸಿದು ಬರ್ತದೆ.

ಅಪ್ಪ: ಗೋಡೆಗೆ ಒರಗಿಸಿ ಮೊಳೆ ಹೊಡೆದ ಹಲಗೆಗೂ, ಗೋಡೆಯೊಳಗೆ ಹೂತ ತೊಲೆಗೂ ಇರೋ ವ್ಯತ್ಯಾಸ.

ಮಗಳು: ಹೌದು. ಇದಕ್ಕೆ ಎಷ್ಟು ಕಡೆ ಹಿಡಿತ ಅಂತ ನೋಡಿ. ಮೋಟಾರು ಕೊಳವೆಯ ಹತ್ತಿರ ಎಡಕ್ಕೊಂದು ಬಲಕ್ಕೊಂದು, ಹೊರ ಕೊಳವೆಯ ಒಳಮೈಯಲ್ಲಿ ಎರಡು, ಹೊರಗೆ ಎರಡು. ಒಂದು ರೆಕ್ಕೆಗೆ ಆರು ಅಂಟಿನ ಸಾಲು. ಆದರೆ ಸೂಚನೆಯ ಹಾಳೆಯಲ್ಲಿ ಎರಡೂ ಉಂಗುರ ಮೊದಲೇ ಅಂಟಿಸಿ ಆಮೇಲೆ ರೆಕ್ಕೆ ಹಾಕಿ ಅಂತಿದೆ. ಹಾಗೆ ಮಾಡಿದರೆ ಹಿಂದಿನ ಉಂಗುರ ಬಾಗಿಲು ಮುಚ್ಚಿದ ಹಾಗೆ, ಒಳಗಿನ ನಾಲ್ಕು ಸಾಲಿಗೆ ಕೈಯೇ ಹೋಗೋದಿಲ್ಲ.

ಅಪ್ಪ: ಹಿಂದಿನ ಉಂಗುರ ಕೊನೆಗೆ ಹಾಕು. ಈಗ ಅಂಟಿಲ್ಲದೆ ಸುಮ್ಮನೆ ಕೂರಿಸು, ಕೊಳವೆ ನಡುಮಧ್ಯ ನಿಲ್ಲಲಿಕ್ಕೆ ಮಾತ್ರ. ರೆಕ್ಕೆ ಒಣಗಿದ ಮೇಲೆ ಎಳೆದು ತೆಗೆದು, ಒಳಗೆ ಅಂಟು ಬಳಿದು, ಆಮೇಲೆ ಮುಚ್ಚು.

ಮಗಳು: ನಾನೂ ಅದನ್ನೇ ಅಂದುಕೊಂಡಿದ್ದೆ. ಎಳೆಯಲಿಕ್ಕೆ ಒಂದು ಸಣ್ಣ ಸ್ಕ್ರೂ ಹಿಡಿಯಾಗಿ ತಿರುಪಿದರೆ ಆಯ್ತು.

(ರೆಕ್ಕೆ ಅಂಟಿಸಲು ಮೂರು ಸಂಜೆ ಹಿಡಿಯಿತು. ನಾಲಿಗೆಯ ಅಂಚಿಗೆ ತೆಳುವಾಗಿ ಅಂಟು ಬಳಿದು ಒಂದು ಸಲ ಒಣಗಲು ಬಿಟ್ಟು, ಅದರ ಮೇಲೆ ಮತ್ತೆ ಬಳಿದು ಕೂರಿಸುವುದು. ಎರಡನೇ ಸಲ ಬಳಿದದ್ದು ಒಂದೇ ನಿಮಿಷದಲ್ಲಿ ಹಿಡಿಯುತ್ತದೆ. ಒಳಗಿನ ಮೂಲೆಗಳಿಗೆ ಐಸ್‌ಕ್ರೀಮ್ ಕಡ್ಡಿಯಲ್ಲಿ ಎಪಾಕ್ಸಿ ಇಳಿಸಿ, ಕೊಳವೆಯನ್ನು ಓರೆ ಹಿಡಿದು ಅದು ಹರಿದು ಸಮವಾಗುವ ತನಕ ಕಾದರು. ಹೊರಗಿನ ಮೂಲೆಗೆ ಅಪ್ಪ ಬೆರಳನ್ನು ನೀರಿನಲ್ಲಿ ಅದ್ದಿ ಒಂದೇ ಎಳೆತಕ್ಕೆ ಅಂಟನ್ನು ಒಳಬಾಗಾಗಿ ತೀಡಿದರು. ಬೆರಳು ಎತ್ತಲಿಲ್ಲ. ನಡುವೆ ಎತ್ತಿದರೆ ಅಲ್ಲೊಂದು ಗುಬಟು ನಿಲ್ಲುತ್ತದೆ.)

ಮಗಳು: ಸಾಕು ಅಪ್ಪಯ್ಯ, ಇನ್ನು ಹಾಕಬೇಡಿ.

ಅಪ್ಪ: ಇನ್ನೊಂದು ಕೈ ಹಾಕಿದರೆ ಬಂಡೆಯ ಹಾಗೆ ಆಗ್ತದಲ್ಲ.

ಮಗಳು: ಹಿಂದೆ ಭಾರ ಆಗ್ತದೆ. ಇದು ಕುರ್ಚಿ ಅಲ್ಲ. ರಾಕೆಟ್ಟಿನಲ್ಲಿ ಎರಡು ಬಿಂದು ಇದೆ. ಒಂದು ಭಾರದ ನಡು, ಬೆರಳ ಮೇಲೆ ಇಟ್ಟರೆ ತೂಗುವ ಜಾಗ. ಇನ್ನೊಂದು ಗಾಳಿಯ ನಡು, ಪಕ್ಕದಿಂದ ಬೀಸುವ ಗಾಳಿ ಎಲ್ಲ ಒಟ್ಟಾಗಿ ಒತ್ತುವ ಜಾಗ. ಭಾರದ ನಡು ಮೂತಿಯ ಕಡೆ ಇರಬೇಕು, ಗಾಳಿಯ ನಡು ಅದರ ಹಿಂದೆ. ನಡುವೆ ಕಡಿಮೆ ಅಂದರೆ ಕೊಳವೆಯ ಒಂದು ಅಗಲದಷ್ಟು ಅಂತರ ಬೇಕು. ಬಾಲದ ಹತ್ತಿರ ನಾವು ಸುರಿಯುವ ಒಂದೊಂದು ಗ್ರಾಮು ಅಂಟೂ ಭಾರದ ನಡುವನ್ನ ಹಿಂದಕ್ಕೆ ಎಳೀತದೆ. ಅಂತರ ಹೋಯ್ತು ಅಂದರೆ ರಾಕೆಟ್ ಮೇಲೆ ಹೋಗೋದು ಬಿಟ್ಟು ಗಾಳಿಯಲ್ಲಿ ಲಾಗ ಹಾಕ್ತದೆ. ಜನ ನಿಂತಿರುವ ಕಡೆಗೂ ಬರಬಹುದು.

ಅಪ್ಪ: ಅಂದ್ರೆ ಗಟ್ಟಿ ಮಾಡಲಿಕ್ಕೆ ಹೋಗಿ ಕೆಡಿಸಬಹುದು.

ಮಗಳು: ಬಹಳ ಜನ ಕೆಡಿಸೋದು ಹಾಗೇ. ಸುತ್ತಲೂ ಫೈಬರ್‌ಗ್ಲಾಸ್ ಸುತ್ತಿ, ಮುಷ್ಟಿ ಮುಷ್ಟಿ ಎಪಾಕ್ಸಿ ತುಂಬಿ, ಆಮೇಲೆ ಸರಿದೂಗಿಸಲಿಕ್ಕೆ ಮೂತಿಗೆ ಸೀಸದ ಗುಂಡು. ಅಷ್ಟು ಭಾರ ಬಿದ್ದರೆ ಪೆಟ್ಟೂ ಅಷ್ಟೇ ಜೋರು. ನಂಗೆ ಅದು ಸರಿ ಕಾಣೋದಿಲ್ಲ. ಬಲ ಎಲ್ಲಿಂದ ಎಲ್ಲಿಗೆ ಹೋಗ್ತದೆ ಅಂತ ನೋಡಿ ಅಲ್ಲಿ ಮಾತ್ರ ಗಟ್ಟಿ ಮಾಡಬೇಕು. ಮೋಟಾರು ತಳ್ಳುವ ಬಲ ಉಂಗುರಕ್ಕೆ ಬರ್ತದೆ, ಉಂಗುರದಿಂದ ಕೊಳವೆಗೆ. ನೆಲದ ಪೆಟ್ಟು ರೆಕ್ಕೆಯ ತುದಿಯಿಂದ ಬುಡಕ್ಕೆ. ಉಳಿದ ಕಡೆ ರಟ್ಟು ರಟ್ಟೇ ಇರಲಿ.

ಅಪ್ಪ: ಈ ಗಾಳಿಯ ನಡು ಇರೋದು ಎಲ್ಲಿ ಅಂತ ಹೇಗೆ ಗೊತ್ತಾಗ್ತದೆ?

ಮಗಳು: ಹಳೇ ಕಾಲದವರು ರಾಕೆಟ್ಟಿನ ಪಕ್ಕದ ನೋಟವನ್ನ ರಟ್ಟಿನಲ್ಲಿ ಕತ್ತರಿಸಿ ಚಾಕುವಿನ ಅಂಚಿನ ಮೇಲೆ ತೂಗಿಸಿ ನೋಡ್ತಿದ್ರು. ರಟ್ಟು ತೂಗಿದ ಜಾಗವನ್ನೇ ಗಾಳಿಯ ನಡು ಅಂತ ಹಿಡಿದರೆ ಸುರಕ್ಷಿತ. ನಿಜವಾದದ್ದು ಸಾಮಾನ್ಯವಾಗಿ ಅದಕ್ಕಿಂತ ಹಿಂದೆಯೇ ಇರ್ತದೆ. 1966ರಲ್ಲಿ ಜೇಮ್ಸ್ ಬ್ಯಾರೋಮನ್ ಅಂತ ನಾಸಾದ ಎಂಜಿನಿಯರ್ ಕೈಲೆಕ್ಕದಲ್ಲೇ ಕಂಡುಹಿಡಿಯುವ ಸಮೀಕರಣ ಕೊಟ್ಟರು, ಈ ಹವ್ಯಾಸದವರಿಗೆ ಅಂತಲೇ. ಈಗ ಓಪನ್‌ರಾಕೆಟ್ ಅಂತ ಸಾಫ್ಟ್‌ವೇರ್ ಇದೆ, ಫಿನ್ಲೆಂಡಿನ ವಿದ್ಯಾರ್ಥಿಯೊಬ್ಬರು ಸ್ನಾತಕೋತ್ತರ ಪ್ರಬಂಧಕ್ಕೆ ಬರೆದದ್ದು, ಹಣ ಕೊಡಬೇಕಾಗಿಲ್ಲ. ನಮ್ಮ ಅಳತೆ ಹಾಕಿ ನೋಡಿದೆ. ಅಂತರ ಒಂದೂವರೆ ಅಗಲ ಇದೆ.

ಅಪ್ಪ: ಕಂಪ್ಯೂಟರ್ ಹೇಳಿದ್ದು ಇರಲಿ. ಕೈಯಲ್ಲಿ ನೋಡುವ ದಾರಿ ಇಲ್ವಾ?

ಮಗಳು: ಇದೆ. ಮೋಟಾರು ಹಾಕಿ, ಭಾರದ ನಡುವಿಗೆ ಹಗ್ಗ ಕಟ್ಟಿ ತಲೆಯ ಸುತ್ತ ಬೀಸೋದು. ಮೂತಿ ಮುಂದಾಗಿ ತಿರುಗಿದರೆ ಪಾಸು. ಇಷ್ಟು ಉದ್ದದ್ದಕ್ಕೆ ಜಾಗ ಬೇಕು, ಹಿತ್ತಲಲ್ಲಿ ನೋಡೋಣ.

ಅಪ್ಪ: ಅದು ನಂಗೆ ಅರ್ಥ ಆಗ್ತದೆ.

(ಹಿತ್ತಲಲ್ಲಿ ಅಪ್ಪ ಬೀಸಿದರು. ಮೊದಲ ಸುತ್ತಿಗೆ ಓಲಾಡಿತು. ಎರಡನೆಯದಕ್ಕೆ ಮೂತಿ ಮುಂದಾಗಿ ನಿಂತುಬಿಟ್ಟಿತು.)

ಅಪ್ಪ: ಈ ರಬ್ಬರು ಪಟ್ಟಿ ಯಾತಕ್ಕೆ? ಎಳೆದ ಕೂಡಲೇ ಒಣ ಶಾವಿಗೆಯ ಹಾಗೆ ತುಂಡಾಯ್ತು.

ಮಗಳು: ಮೂವತ್ತು ವರ್ಷ ಕಳೆದರೆ ರಬ್ಬರು ಹಾಗೇ. ಮೂತಿಯನ್ನ ಕೊಳವೆಗೆ ಕಟ್ಟುವ ಹಗ್ಗ ಅದು. ಹಳೇ ಕಿಟ್ಟಿನಲ್ಲಿ ಮೊದಲು ಬಿಸಾಡಬೇಕಾದ್ದು ಇದು, ಆಮೇಲೆ ಪ್ಲಾಸ್ಟಿಕ್ ಪ್ಯಾರಾಚೂಟ್. ಮಡಿಕೆಯಲ್ಲೇ ಅಂಟಿಕೊಂಡಿದೆ ನೋಡಿ. ಮೋಟಾರು ಉರಿದು ಮುಗಿದ ಮೇಲೆ ಕೆಲವು ಸೆಕೆಂಡು ರಾಕೆಟ್ ತನ್ನ ವೇಗಕ್ಕೇ ಮೇಲೆ ಹೋಗ್ತಿರ್ತದೆ. ಆಮೇಲೆ ಮೋಟಾರಿನ ಮುಂಭಾಗದ ಚಿಟಿಕೆ ಕರಿಮದ್ದು ಸಿಡಿದು ಮೂತಿಯನ್ನೂ ಪ್ಯಾರಾಚೂಟನ್ನೂ ಹೊರಗೆ ಎಸೀತದೆ. ಆ ಎಳೆತ ಪೂರ್ತಿ ಈ ಒಂದು ಹಗ್ಗಕ್ಕೆ ಬೀಳ್ತದೆ. ರೆಕ್ಕೆ ಎಷ್ಟೇ ಗಟ್ಟಿ ಇರಲಿ, ಇದು ಕಡಿದರೆ ಮೂತಿ ಒಂದು ಕಡೆ, ಕೊಳವೆ ಕಲ್ಲಿನ ಹಾಗೆ ಇನ್ನೊಂದು ಕಡೆ.

ಅಪ್ಪ: ಇದನ್ನ ಕಟ್ಟೋದು ಎಲ್ಲಿಗೆ?

ಮಗಳು: ಸಣ್ಣವಕ್ಕೆ ಕೊಳವೆಯ ಒಳಗೋಡೆಗೆ ಕಾಗದ ಮಡಚಿ ಅಂಟಿಸ್ತಾರೆ. ಇದಕ್ಕೆ ಮುಂದಿನ ಉಂಗುರದಲ್ಲಿ ತೂತು ಕೊರೆದು ಕೊಂಡಿ ಹಾಕಿ, ಅದಕ್ಕೆ ಕೆವ್ಲಾರ್ ಹಗ್ಗ. ಗುಂಡು ತಡೆಯುವ ಅಂಗಿಗೆ ಹಾಕ್ತಾರಲ್ಲ, ಅದೇ ನಾರು. ಸ್ಟೆಫನಿ ಕ್ವೊಲೆಕ್ ಅಂತ ಒಬ್ಬ ಮಹಿಳೆ 1965ರಲ್ಲಿ ಕಂಡುಹಿಡಿದದ್ದು. ಬಿಸಿ ಹೊಗೆಗೆ ಸುಡೋದಿಲ್ಲ. ಆದರೆ ಅದಕ್ಕೆ ಹಿಗ್ಗೋದು ಗೊತ್ತಿಲ್ಲ. ತೆಳು ಕೆವ್ಲಾರ್ ಕೊಳವೆಯ ಬಾಯಿಯಿಂದ ಹೊರಗೆ ಬಂದು ಜಗ್ಗಿದರೆ ರಟ್ಟನ್ನ ಗರಗಸದ ಹಾಗೆ ಉದ್ದಕ್ಕೆ ಸೀಳ್ತದೆ. ಪ್ಯಾಂಟಿನ ಜಿಪ್ ತೆಗೆದ ಹಾಗೆ ಬಾಯಿಂದ ಬುಡಕ್ಕೆ.

ಅಪ್ಪ: ಹಾಗಾದ್ರೆ ಕೆವ್ಲಾರನ್ನ ಬಾಯಿಗಿಂತ ಒಳಗೇ ನಿಲ್ಲಿಸು. ಅಲ್ಲಿಂದ ಮುಂದೆ ಅಗಲದ ನೈಲಾನ್ ಪಟ್ಟಿ ಗಂಟು ಹಾಕು.

ಮಗಳು: ಹಾಗೇ ಮಾಡಿದ್ದೇನೆ. ನೈಲಾನ್ ರಾಕೆಟ್ಟಿನ ಮೂರು ಪಟ್ಟು ಉದ್ದ, 12 ಅಡಿ. ಉದ್ದ ಇದ್ದಷ್ಟೂ ಮೂತಿ ಹಾರಿದ ವೇಗ ದಾರಿಯಲ್ಲೇ ಸೋರಿಹೋಗ್ತದೆ, ಕೊನೆಗೆ ಬರುವ ಜಗ್ಗು ಕಮ್ಮಿ. ಕೊಳವೆಯ ಬಾಯಿಯ ಅಂಚಿಗೆ ತೆಳುವಾದ ಫೆವಿಕ್ವಿಕ್ ಥರದ ಅಂಟು ಕುಡಿಸಿದೆ. ರಟ್ಟು ಹೀರಿಕೊಂಡು ಕೊಂಬಿನ ಹಾಗೆ ಗಡುಸಾಯ್ತು.

ಅಪ್ಪ: ಹಿಂದೆ ಮೋಟಾರು ಸಹ ಹೊರಗೆ ಹಾರಬಹುದಲ್ಲ, ಮೂತಿ ಹಾರುವ ಬದಲಿಗೆ?

ಮಗಳು: ಸರಿಯಾಗಿ ಹಿಡಿದ್ರಿ. ಹಳೇ ಕಿಟ್ಟಿನಲ್ಲಿ ಮೋಟಾರಿಗೆ ಟೇಪ್ ಸುತ್ತಿ ಬಿಗಿಯಾಗಿ ತುರುಕಿ ಅಂತಲೇ ಬರೆದಿದ್ದಾರೆ. ನಾನು ತಿರುಪು ಮುಚ್ಚಳದ ಅಲ್ಯೂಮಿನಿಯಂ ಉಂಗುರ ತಂದು ಹಾಕಿದೆ. ಕಿಟ್ಟಿಗೆ ನಾನು ಸೇರಿಸಿದ ದುಬಾರಿ ಸಾಮಾನು ಅದೊಂದೇ.

(ಪುಟ್ಟಿ, ಪ್ರೈಮರ್, ಬಣ್ಣ ಎಂದು ಒಂದು ವಾರ ಹೋಯಿತು. ಹಳದಿ ತಿರುಗಿದ ಸ್ಟಿಕ್ಕರ್ ಹಾಳೆಯನ್ನು ಬಿಸಿಲಿನ ಕಿಟಕಿಗೆ ಅಂಟಿಸಿಟ್ಟಾಗ ನಾಲ್ಕು ದಿನಕ್ಕೆ ಸ್ವಲ್ಪ ಬೆಳ್ಳಗಾಯಿತು. ಒಡೆಯದಿರಲೆಂದು ಮೇಲೆ ತೆಳುವಾಗಿ ಲ್ಯಾಕರ್ ಹೊಡೆದು, ನೀರಿನಲ್ಲಿ ನೆನೆಸಿ ರಾಕೆಟ್ಟಿಗೆ ಅಂಟಿಸಿದರು. ಮೋಟಾರು ಸೇರಿ ತೂಕ 700 ಗ್ರಾಂ. ಶನಿವಾರ ಬೆಳಿಗ್ಗೆ ರಾಕೆಟ್ ಕ್ಲಬ್ಬಿನವರು ಸೇರುವ ಉತ್ತರದ ಹುಲ್ಲುಗಾವಲಿಗೆ ಹೊರಟರು.)

ಅಪ್ಪ: ಈ ಮೋಟಾರಿನ ಮೇಲೆ ಎಫ್ 50-6 ಅಂತಿದೆ.

ಮಗಳು: ಎಫ್ ಅಂದ್ರೆ ಒಟ್ಟು ಬಲ 40ರಿಂದ 80ರ ಒಳಗೆ. 50 ಅಂದ್ರೆ ಸರಾಸರಿ 50 ನ್ಯೂಟನ್ ತಳ್ಳುತ್ತದೆ. 6 ಅಂದ್ರೆ ಉರಿದು ಮುಗಿದ 6 ಸೆಕೆಂಡಿಗೆ ಪ್ಯಾರಾಚೂಟ್. ರಾಕೆಟ್ಟಿನ ಭಾರ ಸುಮಾರು 7 ನ್ಯೂಟನ್. ತಳ್ಳುವ ಬಲ ಭಾರದ ಐದು ಪಟ್ಟಾದರೂ ಇರಬೇಕು ಅನ್ನೋದು ನಾವು ಇಟ್ಟುಕೊಂಡ ಲೆಕ್ಕ, ನಮ್ಮದು ಏಳು ಪಟ್ಟಿದೆ. ಕಮ್ಮಿಯಾದರೆ, ಹಾರುವಾಗ ಆಸರೆಗೆ ನೆಟ್ಟ ಕಂಬಿ ಬಿಡುವಾಗ ವೇಗ ಸಾಲದೆ ಗಾಳಿಗೆ ವಾಲ್ತದೆ.

ಅಪ್ಪ: ಒಳಗೆ ಕರಿಮದ್ದೇ?

ಮಗಳು: ಪ್ಯಾರಾಚೂಟ್ ಎಸೆಯಲಿಕ್ಕೆ ಮಾತ್ರ. ಉರಿಯುವುದು ಬೇರೆ, ಅಮೋನಿಯಂ ಪರ್‌ಕ್ಲೋರೇಟ್ ಪುಡಿಯನ್ನ ರಬ್ಬರಿನಂಥ ಅಂಟಿನಲ್ಲಿ ಕಲಸಿ ಎರೆದದ್ದು. ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ ಹಾರುವಾಗ ಮೊದಲ ಹಂತದಲ್ಲಿ ಉರಿಯೋದೂ ಇದೇ ಜಾತಿಯ ಇಂಧನ. ಅಲ್ಲಿ 139 ಟನ್ನು, ಇಲ್ಲಿ ಒಂದು ಹಿಡಿ.

ಅಪ್ಪ: ಎಲ್ಲರೂ ಹಿಂದೆ ಹೋಗ್ತಿದ್ದಾರೆ.

ಮಗಳು: ನಾವೂ ಹೋಗಬೇಕು, ಈ ಮೋಟಾರಿಗೆ 30 ಅಡಿ ದೂರ. ಬೆಂಕಿಕಡ್ಡಿ ಇಲ್ಲ, ವಿದ್ಯುತ್ತಿನಲ್ಲೇ ಹೊತ್ತಿಸೋದು. ಎಣಿಸ್ತಾರೆ ಈಗ. ಬಟನ್ ನೀವು ಒತ್ತಿ ಅಪ್ಪಯ್ಯ.

ಅಪ್ಪ: ನಾನಾ?

ಮಗಳು: ಗೆರೆ ಎಳೆದದ್ದು ನೀವಲ್ವಾ.

(ಚುಂಯ್ ಎಂದು ಒಂದು ಕ್ಷಣ ಹೊಗೆ. ಮರುಕ್ಷಣ ಕಂಬಿ ಖಾಲಿ. ಸದ್ದು ಎದೆಗೆ ಬಡಿದು ಮುಗಿಯುವಷ್ಟರಲ್ಲಿ ರಾಕೆಟ್ ಬೆರಳಿನಷ್ಟಾಗಿತ್ತು. ನೆಟ್ಟಗೆ ಹೋಯಿತು, ಒಂದು ಸುತ್ತೂ ತಿರುಗಲಿಲ್ಲ. ಮೇಲೆ ಹತ್ತಿಯ ಉಂಡೆಯಂಥ ಹೊಗೆ ಬಿಚ್ಚಿತು, ಆಮೇಲೆ ಕಿತ್ತಳೆ ಬಣ್ಣದ ಪ್ಯಾರಾಚೂಟ್. ಗಾಳಿ ಅದನ್ನು ಪೂರ್ವಕ್ಕೆ ಒಯ್ದು, ಒಂದು ನಿಮಿಷ ಹಿಡಿಸಿ, ಬೇಲಿಯಾಚೆ ಬಿರುಸು ನೆಲಕ್ಕೆ ಇಳಿಸಿತು. ಇಬ್ಬರೂ ಹುಲ್ಲಿನಲ್ಲಿ ನಡೆದು ಹೋದರು.)

ಮಗಳು: ಒಂದೇ ರೆಕ್ಕೆಯ ಮೇಲೆ ಬಿದ್ದಿದೆ ಅಪ್ಪಯ್ಯ. ಬುಡದಲ್ಲಿ ಬಿರುಕು.

ಅಪ್ಪ: ಕೊಡು ಇಲ್ಲಿ. ಉಗುರಿನಲ್ಲಿ ಬಡಿದು ನೋಡುವ. ಇದು ಪೆಟ್ಟು ತಿಂದದ್ದು, ಕೇಳು, ಟಣ್. ಇದು ಪಕ್ಕದ್ದು, ಅದೂ ಟಣ್. ಸಂದು ಬಿಟ್ಟಿದ್ದರೆ ಡಬ್ ಅಂತಿತ್ತು. ಬಿರುಕು ಬಣ್ಣದ್ದು ಅಷ್ಟೇ.

ಮಗಳು: ಕೊಳವೆಯ ಬಾಯಿ ಸೀಳಿಲ್ಲ. ಹಗ್ಗಕ್ಕೂ ಸುಟ್ಟ ಗುರುತಿಲ್ಲ. ಎತ್ತರ ಅಳೆಯುವ ಯಂತ್ರ 1,020 ಅಡಿ ತೋರಿಸ್ತಿದೆ.

ಅಪ್ಪ: ಇನ್ನೊಂದು ಮೋಟಾರು ತಂದಿದ್ದೀಯಾ?

ಮಗಳು: ಒಂದಿದೆ. ಮಧ್ಯಾಹ್ನದ ಮೇಲೆ ಗಾಳಿ ಏಳ್ತದೆ.

ಅಪ್ಪ: ಹಾಗಾದ್ರೆ ಈಗಲೇ ಹೋಗುವ. ನೀನು ಬಟ್ಟೆ ಮಡಚು, ಹಗ್ಗ ಸಿಕ್ಕಾಗದ ಹಾಗೆ ನಾನು ಸುತ್ತುತ್ತೇನೆ.